ದಾರಗಾವಲಿನ ಒಂಬತ್ತನೇ ಹೆಜ್ಜೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಬೀದಿಯ ದರ್ಜಿಗಳು ಅದನ್ನು ಯಾವತ್ತೋ ಮರೆತು ಗುಟ್ಟಪ್ಪ ಎಂದು ಕರೆಯತೊಡಗಿದ್ದರು. "ಊಟ ಆಯ್ತಾ?" ಎಂದು ಕೇಳಿದರೆ ಹಿಂದೆ ಮುಂದೆ ನೋಡಿ, "ಯಾಕೆ, ಯಾರಾದ್ರೂ ಏನಾದ್ರೂ ಹೇಳಿದ್ರಾ?" ಎನ್ನುವ ಆಸಾಮಿ. ಎದುರಿಗೇ ಗುಟ್ಟಪ್ಪ ಎಂದರೂ ಅವನಿಗೆ ಬೇಜಾರಿರಲಿಲ್ಲ. ಒಳಗೊಳಗೆ ಅದನ್ನೊಂದು ಬಿರುದೆಂದೇ ತಿಳಿದಿದ್ದ.

ಹೀಗಾಗಲು ಕಾರಣವೂ ಇತ್ತು. ಹರೆಯದಲ್ಲಿ ಅವನೊಂದು ಎಣ್ಣೆ ಡಬ್ಬಿ ಮಾಡಿದ್ದ. ಅದರ ಮೂತಿ ಎರಡು ಕಡೆ ಬಾಗಿ, ಯಂತ್ರವನ್ನು ಮಗುಚದೆಯೇ ಅದರ ಹೊಟ್ಟೆಯೊಳಕ್ಕೆ ಎಣ್ಣೆ ಬಿಡುತ್ತಿತ್ತು. ಖುಷಿ ತಡೆಯಲಾರದೆ ಚಹಾ ಅಂಗಡಿಯಲ್ಲಿ ಕೂತು, ಮೂತಿ ಎಲ್ಲಿ ಬಾಗಬೇಕು, ಎಷ್ಟು ಬಾಗಬೇಕು ಎಂಬುದನ್ನು ಬೆಂಚಿನ ಮೇಲೆ ಚೆಲ್ಲಿದ ಚಹಾದಲ್ಲೇ ಚಿತ್ರ ಬರೆದು ತೋರಿಸಿದ. ವರ್ಷ ಕಳೆಯುವಷ್ಟರಲ್ಲಿ ಅಂಥವೇ ಡಬ್ಬಿಗಳು ಹಳದಿ ಬಣ್ಣ ಬಳಿದುಕೊಂಡು, ಯಾವುದೋ ಕಂಪನಿಯ ಮುದ್ರೆ ಹೊತ್ತು, ಎದುರಿನ ಅಂಗಡಿಯಲ್ಲಿ ಗೊಂಚಲು ಗೊಂಚಲಾಗಿ ನೇತಾಡಿದವು. ಗುಟ್ಟಪ್ಪ ತಾನೂ ಒಂದನ್ನು ಕೊಂಡ. ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಹೊಟ್ಟೆ ಉರಿದದ್ದೇ ಅದಕ್ಕೆ.

ಅಂದು ಬಾಯಿಗೆ ಹಾಕಿಕೊಂಡ ಬೀಗವನ್ನು ಅವನು ತೆಗೆಯಲೇ ಇಲ್ಲ. ಕಸುಬಿನ ರೂಢಿಯೂ ಅದಕ್ಕೆ ಒತ್ತಾಸೆಯಾಗಿ ನಿಂತಿತು. ಅವನಿಗೆ ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಎಲ್ಲವನ್ನೂ ಕಲಿಸುತ್ತಿದ್ದ, ಕೊನೆಯ ಕೈಚಳಕವೊಂದನ್ನು ಬಿಟ್ಟು. ಸರಿಯಾಗಿ ಆ ಹೊತ್ತಿಗೆ "ಹೋಗು, ಒಂದ್ ಲೋಟ ನೀರು ತಗೊಂಡ್ ಬಾ" ಎನ್ನುತ್ತಿದ್ದ. ಶಿಷ್ಯ ಮರಳುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಆ ಕೈಚಳಕಗಳನ್ನೆಲ್ಲ ಗುಟ್ಟಪ್ಪ ಕಲಿತದ್ದು ಬಾಗಿಲ ಸಂದಿಯಿಂದ ಕದ್ದು ನೋಡಿ. ಹಾಗಾಗಿ ತನ್ನದೇ ಅಂಗಡಿ ತೆರೆದಾಗ ಮೊದಲು ಮಾಡಿಸಿದ ಕೆಲಸವೆಂದರೆ ಬಾಗಿಲ ಸಂದಿಗೆ ಪಟ್ಟಿ ಹೊಡೆಸಿದ್ದು.

ಈಗ ಅವನ ಬಳಿ ಕೆಲಸ ಕಲಿಯುತ್ತಿದ್ದವಳು ಅವನ ಮಗಳೇ. ಮೂವತ್ತರ ಹತ್ತಿರದ ಹೆಣ್ಣು, ಕೈ ಚುರುಕು, ಮಾತು ಕಡಿಮೆ. ಯಂತ್ರ ಕೆಟ್ಟರೆ ಜನ ಅದನ್ನು ಎಸೆದು ಹೊಸದು ತರುವ ಕಾಲ ಬಂದಿತ್ತು. ಅಂಗಡಿಯ ಬೆಂಚಿನ ಮೇಲೆ ವಾರಕ್ಕೆ ಎರಡು ಯಂತ್ರ ಕಂಡರೆ ಹೆಚ್ಚು. ಬೇರೆ ಕೆಲಸ ಸಿಗದೆ ಅವಳು ಅಲ್ಲಿ ಕೂತಿರಲಿಲ್ಲ. ಎಣ್ಣೆಯ ವಾಸನೆ, ಚಕ್ರ ಹಗುರಾಗಿ ತಿರುಗತೊಡಗಿದಾಗಿನ ಸದ್ದು, ಇವೆಲ್ಲ ಅವಳಿಗೆ ಜೀವ. ಅಪ್ಪನ ಕಸುಬು ಪೂರ್ತಿಯಾಗಿ ತನ್ನ ಕೈಗೆ ಬರಬೇಕು, ಅಂಗಡಿ ತನ್ನ ಕಾಲಕ್ಕೂ ಉಳಿಯಬೇಕು, ಇಷ್ಟೇ ಅವಳ ಆಸೆ. ಅಂಗಡಿ ಉಳಿಯಲು ಇದ್ದದ್ದು ಒಂದೇ ದಾರಿ, ಅಪ್ಪ ಕಂಡುಹಿಡಿದ ದಾರಗಾವಲು.

ಹೊಲಿಗೆ ಯಂತ್ರದ ಕೆಳಗಿನ ದಾರ ಬಾಬಿನ್ ಎಂಬ ಪುಟ್ಟ ಉರುಳೆಗೆ ಸುತ್ತಿಕೊಂಡು, ಕಣ್ಣಿಗೆ ಬೀಳದ ಜಾಗದಲ್ಲಿ ಕೂತಿರುತ್ತದೆ. ಅದು ಮುಗಿದದ್ದು ಹೊಲಿಯುವವರಿಗೆ ಗೊತ್ತೇ ಆಗುವುದಿಲ್ಲ. ಸೂಜಿ ಕುಣಿಯುತ್ತಲೇ ಇರುತ್ತದೆ, ದರ್ಜಿ ಗುನುಗುತ್ತಲೇ ಇರುತ್ತಾನೆ, ಎರಡು ಮೊಳ ಹೋದ ಮೇಲೆ ನೋಡಿದರೆ ಬಟ್ಟೆಯ ತುಂಬ ತೂತು, ಹೊಲಿಗೆ ಮಾತ್ರ ಇಲ್ಲ. ಗುಟ್ಟಪ್ಪ ಬಾಬಿನ್ ಕೂರುವ ಗೂಡಿನೊಳಗೆ ಉಕ್ಕಿನ ಒಂದು ತೆಳು ನಾಲಿಗೆ ಇಟ್ಟ. ದಾರ ಇರುವವರೆಗೂ ಅದು ದಾರದ ಮೇಲೆ ಮಲಗಿರುತ್ತದೆ. ಒಂದು ಮಾರು ಉಳಿಯಿತು ಎನ್ನುವಾಗ ಕೆಳಗಿಳಿದು, ಉರುಳೆಗೆ ಕೊರೆದ ಕಚ್ಚಿಗೆ ತಗುಲಿ ಟಕ್ ಟಕ್ ಎನ್ನುತ್ತದೆ. ಬುದ್ಧಿವಂತಿಕೆಯೇನೋ ಸರಿ, ಆದರೆ ಯಂತ್ರ ಜೋರಾಗಿ ಓಡಿದರೆ ಅದರ ನಡುಕಕ್ಕೆ ನಾಲಿಗೆ ಸುಮ್ಮಸುಮ್ಮನೆ ವಟಗುಟ್ಟುತ್ತಿತ್ತು. ಆರು ತಿಂಗಳು ತಲೆ ಕೆರೆದುಕೊಂಡ ಮೇಲೆ, ಸೈಕಲ್ ಟ್ಯೂಬಿನಿಂದ ಎಳ್ಳುಕಾಳಿನಷ್ಟು ರಬ್ಬರ್ ಕತ್ತರಿಸಿ ನಾಲಿಗೆಯ ಬುಡಕ್ಕೆ ಸಿಕ್ಕಿಸಿದ. ನಾಲಿಗೆ ತೆಪ್ಪಗಾಯಿತು. ಮಾತಾಡಬೇಕಾದಾಗ ಮಾತ್ರ ಮಾತಾಡಿತು.

ದಾರಗಾವಲು ಮಾಡಲು ಒಟ್ಟು ಒಂಬತ್ತು ಹೆಜ್ಜೆ. ಎಂಟನ್ನು ಮಗಳಿಗೆ ಕಣ್ಣಲ್ಲಿ ಕಣ್ಣಿಟ್ಟು ಕಲಿಸಿದ. ಒಂಬತ್ತನೆಯದು ರಬ್ಬರಿನದು. ಅಲ್ಲಿಗೆ ಬಂದ ತಕ್ಷಣ, "ಹೋಗು ಮಗಳೇ, ಚಹಾ ತಗೊಂಡ್ ಬಾ" ಎನ್ನುತ್ತಿದ್ದ. ಅವಳು ಬರುವಷ್ಟರಲ್ಲಿ ಮೇಲಿನ ಮುಚ್ಚಳಕ್ಕೆ ಬೆಸುಗೆ ಬಿದ್ದಿರುತ್ತಿತ್ತು.

"ಅಪ್ಪಾ, ನಿಂಗೂ ದಿನಕ್ಕೆ ಇಷ್ಟೊಂದು ಚಹಾ ಒಳ್ಳೇದಲ್ಲ. ಆ ಕೊನೇದನ್ನೂ ಹೇಳ್ಕೊಟ್ಬಿಡು."

"ಹೇಳ್ಕೊಡ್ತೀನಿ, ಹೇಳ್ಕೊಡ್ತೀನಿ. ಎಲ್ಲದಕ್ಕೂ ಒಂದು ಕಾಲ ಬರ್ಬೇಕು."

ಬೆಸುಗೆ ಬಿಚ್ಚಿ ನೋಡುವುದು ಅವಳಿಗೆ ಐದು ನಿಮಿಷದ ಕೆಲಸ. ಅವಳು ಬಿಚ್ಚಲಿಲ್ಲ. ಅಪ್ಪ ತಾನಾಗಿ ಕೊಡಬೇಕು ಎಂಬುದು ಅವಳ ಹಟ.

ಪೇಟೆಂಟ್ ಮಾಡಿಸೋಣ ಎಂದವಳೂ ಅವಳೇ. ಗುಟ್ಟಪ್ಪನಿಗೆ ಆ ಮಾತು ಹಿಡಿಸಿತು. ಹಿಡಿಸಿದ ಭರಕ್ಕೆ, ದಾರಗಾವಲಿನ ಬಗ್ಗೆ ತಿಳಿದದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬ ಮುಚ್ಚಳಿಕೆಯನ್ನು ಕಟ್ಟುಗಟ್ಟಲೆ ಅಚ್ಚು ಹಾಕಿಸಿದ. ಚಹಾ ಅಂಗಡಿಯವನಿಂದ ಸಹಿ ಹಾಕಿಸಿದ, ಅಂಗಡಿ ಬಾಡಿಗೆಗೆ ಕೊಟ್ಟ ಮಾಲೀಕನಿಂದ ಹಾಕಿಸಿದ, ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆಯೂ ಒಂದು ಹಾಳೆ ಹಿಡಿದ.

"ಏನ್ರೀ ಇದು?" ಎಂದಳು ಅವಳು, ಒದ್ದೆ ಕೈ ಒರೆಸಿಕೊಳ್ಳುತ್ತ.

"ನಿಂಗೆ ಗೊತ್ತಿರೋದನ್ನ ಯಾರಿಗೂ ಹೇಳಲ್ಲ ಅಂತ."

"ಮೂವತ್ತೆರಡು ವರ್ಷದಲ್ಲಿ ನೀವು ನಂಗೆ ಏನ್ ಹೇಳಿದೀರಿ ಅಂತ ನಾನು ಇನ್ನೊಬ್ರಿಗೆ ಹೇಳ್ಲಿ?" ಎಂದು ಸಹಿ ಗೀಚಿ, ಪೆನ್ನನ್ನು ಜಡೆಗೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಪೇಟೆಂಟ್ ಅರ್ಜಿ ಬರೆದುಕೊಡುವ ವಕೀಲೆಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಕುರ್ಚಿಗಳ ಮೇಲೂ ಫೈಲು, ಕಿಟಕಿಯ ಮೇಲೂ ಫೈಲು. ಅಪ್ಪ ಮಗಳು ಒಂದು ಸ್ಟೂಲನ್ನು ಹಂಚಿಕೊಂಡು ಕೂತರು. ವಕೀಲೆ ಒಳ್ಳೆಯ ಹೆಂಗಸು, ಬಿಡಿಸಿ ಬಿಡಿಸಿ ಹೇಳಿದಳು. "ನೋಡಿ ಯಜಮಾನ್ರೇ, ಇದೊಂದು ಕೊಟ್ಟು ತಗೊಳ್ಳೋ ವ್ಯವಹಾರ. ನೀವು ಎಲ್ಲಾ ಬಿಚ್ಚಿ ಹೇಳ್ಬೇಕು. ಬದಲಿಗೆ ಇದು ಇಷ್ಟು ವರ್ಷ ನಿಮ್ದು ಅಂತ ಸರ್ಕಾರ ಬರ್ಕೊಡುತ್ತೆ. ನೀವು ಹೇಳದೇ ಇದ್ದದ್ದು ನಿಮ್ದಾಗಲ್ಲ."

"ಸರಿ ಸರಿ" ಎಂದು ಗುಟ್ಟಪ್ಪ ತಲೆಯಾಡಿಸಿದ. ಬರುವ ಮುಂಚೆಯೇ ಅವನು ಚಿಮಟದಿಂದ ರಬ್ಬರನ್ನು ಕಿತ್ತು ತೆಗೆದಿಟ್ಟಿದ್ದ. ಅವನ ಲೆಕ್ಕಾಚಾರ ಅವನಿಗೆ. ಈ ಕಾಗದ ಎಷ್ಟು ಮೇಜು ದಾಟಬೇಕು? ಒಂದೊಂದು ಮೇಜಿನ ಹಿಂದೆಯೂ ಒಬ್ಬ ಗುಮಾಸ್ತ, ಒಬ್ಬೊಬ್ಬ ಗುಮಾಸ್ತನಿಗೂ ಒಬ್ಬ ಭಾವಮೈದುನ, ಆ ಭಾವಮೈದುನರಲ್ಲಿ ಒಬ್ಬನಿಗಾದರೂ ಕಾರ್ಖಾನೆ ಇಲ್ಲದಿರುತ್ತದೆಯೇ? ವಕೀಲೆಯ ಮೇಜಿನ ಮೇಲೆ ಬಾಬಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿ ತೋರಿಸಿದ. ಕೈಯಲ್ಲಿ ತಿರುಗಿಸುವಾಗ ನಡುಕವೆಲ್ಲಿ ಬರಬೇಕು? ನಾಲಿಗೆ ಮರ್ಯಾದಸ್ಥನಂತೆ ಸುಮ್ಮನಿದ್ದು ಕೊನೆಗೆ ಟಕ್ ಎಂದಿತು.

"ಇಷ್ಟೇನಾ?" ಎಂದು ವಕೀಲೆ ಕೇಳಿದಳು.

"ಇಷ್ಟೇ."

ಮಗಳು ಅಪ್ಪನ ಮುಖ ನೋಡಿದಳು. ವಕೀಲೆ ಬರೆದುಕೊಂಡದ್ದು ಎಂಟೇ ಹೆಜ್ಜೆ ಎಂಬುದನ್ನು ಅವಳೂ ಎಣಿಸಿದ್ದಳು. ಆದರೆ ಒಂಬತ್ತನೆಯದು ಏನೆಂದು ತನಗೇ ಗೊತ್ತಿಲ್ಲದಿರುವಾಗ ಬಾಯಿ ಹಾಕುವುದಾದರೂ ಹೇಗೆ?

ಮೂರು ವರ್ಷದ ಮೇಲೆ ಪೇಟೆಂಟ್ ಬಂತು. ಸರ್ಕಾರಿ ಮುದ್ರೆಯಿದ್ದ ಆ ಕಾಗದಕ್ಕೆ ಗುಟ್ಟಪ್ಪ ಕಟ್ಟು ಹಾಕಿಸಿ, ಒಳಗೆ ಬಂದವರ ಹಣೆಗೆ ತಾಗುವಷ್ಟು ಕೆಳಗೆ ತೂಗುಹಾಕಿದ. ಆ ದಿನ ಅವನಿಗಾದ ಸಂತೋಷ ಸುಳ್ಳಲ್ಲ. ಹಳದಿ ಡಬ್ಬಿಯ ನೋವು ಅಂದು ಅರ್ಧ ಇಳಿಯಿತು.

ಮಾರುವ ಕೆಲಸ ಮಗಳ ಪಾಲಿಗೆ ಬಂತು. ಹೊಲಿಗೆ ಯಂತ್ರದ ಕಂಪನಿಯೊಂದಕ್ಕೆ ಹತ್ತು ಸಲ ಫೋನು ಮಾಡಿ, ನಾಲ್ಕು ಸಲ ಅಲೆದು, ಕೊನೆಗೊಂದು ದಿನ ಅಪ್ಪನನ್ನು ಅಲ್ಲಿಯ ಮ್ಯಾನೇಜರ್ ಎದುರು ಕೂರಿಸಿದಳು. ಅವರ ಅತಿ ವೇಗದ ಯಂತ್ರಕ್ಕೇ, ಈ ಸಲ ರಬ್ಬರ್ ಸಿಕ್ಕಿಸಿ ತಂದಿದ್ದ ದಾರಗಾವಲು ಹಾಕಿ ಓಡಿಸಿದರು. ಒಂದು ಮಾರು ದಾರ ಉಳಿದಾಗ ಟಕ್ ಟಕ್ ಎಂದಿತು, ಅದಕ್ಕೆ ಮುಂಚೆ ತುಟಿ ಪಿಟಕ್ ಎನ್ನಲಿಲ್ಲ. ಮ್ಯಾನೇಜರ್ ಎದ್ದು ನಿಂತು ಕೈ ಕುಲುಕಿ, "ಆರು ಬಿಟ್ಟು ಹೋಗಿ, ಪರೀಕ್ಷೆ ಮಾಡ್ತೀವಿ" ಎಂದ.

"ಅಪ್ಪಾ, ಮುಚ್ಚಳಿಕೆ" ಎಂದು ಮಗಳು ಪಿಸುಗುಟ್ಟಿದಳು. ಅವಳ ಚೀಲದಲ್ಲಿ ಹಾಳೆ ಸಿದ್ಧವಿತ್ತು.

ಮ್ಯಾನೇಜರಿಗೆ ಕೇಳಿಸಿತು. "ಅದೆಲ್ಲ ಯಾಕಮ್ಮ? ನಿಮ್ಮ ಹತ್ರ ಪೇಟೆಂಟೇ ಇದೆಯಲ್ಲ."

"ಅದೇ ಮತ್ತೆ" ಎಂದು ಗುಟ್ಟಪ್ಪ ಎದೆಯುಬ್ಬಿಸಿದ. ಚಹಾ ಅಂಗಡಿಯವನನ್ನು ನಂಬದ ಮನುಷ್ಯ ಆವತ್ತು ಸರ್ಕಾರದ ಮುದ್ರೆ ಇದೆಯೆಂದು ಕಂಪನಿಯನ್ನೇ ನಂಬಿಬಿಟ್ಟ. ಮುದ್ರೆ ಬಿದ್ದದ್ದು ಎಂಟು ಹೆಜ್ಜೆಗೆ ಮಾತ್ರ ಎಂಬುದು ಅವನಿಗೆ ನೆನಪೇ ಬರಲಿಲ್ಲ.

ಎಂಟು ತಿಂಗಳು ಕಂಪನಿಯಿಂದ ಸದ್ದಿಲ್ಲ, ಸುದ್ದಿಯಿಲ್ಲ. ಆಮೇಲೆ ವಕೀಲೆಯ ಫೋನು ಬಂತು. ಬುಡದಲ್ಲಿ ರಬ್ಬರ್ ಇರುವ ನಾಲಿಗೆ ತಮ್ಮದೆಂದು ಕಂಪನಿ ಹೊಸ ಪೇಟೆಂಟಿಗೆ ಅರ್ಜಿ ಹಾಕಿತ್ತು. ಅಷ್ಟೇ ಅಲ್ಲ, ಗುಟ್ಟಪ್ಪನ ಪೇಟೆಂಟಿನಲ್ಲಿ ಬರೆದಂತೆ ಮಾಡಿದರೆ ವಸ್ತು ಕೆಲಸವೇ ಮಾಡುವುದಿಲ್ಲ, ಕೆಲಸ ಮಾಡದ್ದಕ್ಕೆ ಪೇಟೆಂಟ್ ಯಾಕೆ, ರದ್ದು ಮಾಡಿ ಎಂದೂ ಕೇಳಿತ್ತು. ಗುಟ್ಟಪ್ಪ ಮಗಳನ್ನು ಕರೆದುಕೊಂಡು ವಕೀಲೆಯ ಕಚೇರಿಗೆ ಓಡಿದ. ತಕರಾರು ಸಲ್ಲಿಸಿದರು. ವಿಚಾರಣೆಗೆ ದಿನ ಗೊತ್ತಾಯಿತು.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜು, ಅದರ ತುದಿಯಲ್ಲಿ ಪೇಟೆಂಟ್ ಕಚೇರಿಯ ಅಧಿಕಾರಿ. ಒಂದು ಕಡೆ ಕಂಪನಿಯ ಮೂವರು ವಕೀಲರು. ಇನ್ನೊಂದು ಕಡೆ ಗುಟ್ಟಪ್ಪ, ಅವನ ಹೆಂಡತಿ, ಮಗಳು, ವಕೀಲೆ. ಗುಟ್ಟಪ್ಪ ಕೊಟ್ಟಿದ್ದ ಆರು ದಾರಗಾವಲುಗಳು ಪರೀಕ್ಷೆಯಲ್ಲಿ ಪುಡಿಯಾದವು, ಒಳಗೆ ರಬ್ಬರ್ ಗಿಬ್ಬರ್ ಏನೂ ಕಾಣಲಿಲ್ಲ ಎಂದು ಕಂಪನಿಯವರು ಕಡ್ಡಿ ಮುರಿದಂತೆ ಹೇಳಿದರು.

"ನಮ್ಮಂಗಡೀಲಿ ಈಗ್ಲೂ ನಾಲ್ಕಿದಾವೆ ಸಾರ್, ರಬ್ಬರ್ ಇರೋವು" ಎಂದ ಗುಟ್ಟಪ್ಪ.

"ಅವು ಯಾವಾಗ ಮಾಡಿದ್ದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಕಾಗದ ತಿರುವಿದ. "ನಿಮ್ಮ ಅರ್ಜೀಲಿ ರಬ್ಬರ್ ಬಗ್ಗೆ ಒಂದಕ್ಷರವೂ ಇಲ್ವಲ್ಲ. ಯಾಕೆ?"

"ಬೇಕಂತಲೇ ಬಿಟ್ಟೆ ಸಾರ್."

"ಯಾಕೆ?"

"ಯಾರಾದ್ರೂ ಕದ್ದುಬಿಟ್ರೆ ಅಂತ."

ಕಂಪನಿಯ ವಕೀಲರಲ್ಲಿ ಒಬ್ಬ ಫೈಲಿನೊಳಗೆ ಮುಖ ಹುದುಗಿಸಿದ. ಅಧಿಕಾರಿ ಮಾತ್ರ ನಗಲಿಲ್ಲ. "ಎಲ್ಲಾದ್ರೂ ಬರೆದಿಟ್ಟಿದೀರಾ? ಚಿತ್ರ? ಒಂದು ಚೀಟಿ?"

"ಬರೆದಿಟ್ರೆ ಯಾರಾದ್ರೂ ಓದ್ತಾರಲ್ಲ ಸಾರ್."

"ಮನೇಲಿ ಹೇಳಿದ್ರಾ?"

"ನನ್ನತ್ರ ಸಹಿ ಹಾಕಿಸ್ಕೊಂಡ್ರು," ಎಂದು ಹೆಂಡತಿ ಕೇಳದೆಯೇ ಉತ್ತರ ಕೊಟ್ಟಳು, "ಹೇಳೋದನ್ನ ಮಾತ್ರ ಹೇಳ್ಲಿಲ್ಲ."

"ಹೋಗಲಿ, ಕಂಪನಿಗಿಂತ ಮುಂಚೆ ಇದನ್ನ ಕಣ್ಣಾರೆ ಕಂಡೋರು ಒಬ್ಬರಾದ್ರೂ ಇದ್ದಾರಾ?"

ಗುಟ್ಟಪ್ಪ ಮಗಳ ಕಡೆ ತಿರುಗಿದ. ನೋಡಿರುತ್ತಾಳೆ, ನೋಡಿಯೇ ಇರುತ್ತಾಳೆ, ಅವಳ ಜಾಗದಲ್ಲಿ ತಾನಿದ್ದರೆ ನೋಡದೆ ಬಿಡುತ್ತಿದ್ದೆನೇ? ಬೆಸುಗೆ ಬಿಚ್ಚಿರುತ್ತಾಳೆ, ಅರ್ಧ ದಾರಿಯಿಂದ ಮರಳಿ ಬಂದು ಇಣುಕಿರುತ್ತಾಳೆ. ಬದುಕಿನಲ್ಲಿ ಮೊದಲ ಸಲ ಅವನು ತನ್ನ ಮನೆಯಲ್ಲೊಬ್ಬ ಕಳ್ಳ ಇರಲಿ ಎಂದು ಬೇಡಿಕೊಂಡ.

"ಇಲ್ಲ ಸಾರ್" ಎಂದಳು ಮಗಳು. "ಆ ಹೊತ್ತಿಗೆ ನನ್ನ ಆಚೆ ಕಳಿಸ್ತಿದ್ರು."

"ಒಂದ್ ಸಲಾನೂ ನೋಡ್ಲಿಲ್ವಾ?"

"ಅಪ್ಪಂಗೆ ಇಷ್ಟ ಇರ್ಲಿಲ್ಲ ಸಾರ್."

ಅಲ್ಲಿಗೆ ಎಲ್ಲ ಮುಗಿಯಿತು. ರಬ್ಬರಿನ ಹಕ್ಕು ಕಂಪನಿಯ ಪಾಲಾಯಿತು, ಎಂಟು ಹೆಜ್ಜೆಯ ಪೇಟೆಂಟ್ ಆರು ತಿಂಗಳಲ್ಲಿ ರದ್ದಾಯಿತು. ಇನ್ನು ಮುಂದೆ ಸ್ವಂತ ದಾರಗಾವಲು ಮಾಡಿ ಮಾರಬೇಕಾದರೆ ಗುಟ್ಟಪ್ಪ ಕಂಪನಿಯ ಅಪ್ಪಣೆ ಕೇಳಬೇಕಾಗಿತ್ತು.

ಹಾಗೆಂದು ಅಂಗಡಿ ಮುಚ್ಚಲಿಲ್ಲ. ಕಂಪನಿಯ ದಾರಗಾವಲಿಗೆ ಊರೆಲ್ಲ ಗಿರಾಕಿಗಳಾದರು. ಅದನ್ನು ಕೂರಿಸಿಕೊಡಲು, ಕೆಟ್ಟರೆ ಸರಿಮಾಡಲು ಕಂಪನಿಗೆ ಪಳಗಿದ ಕೈ ಬೇಕಿತ್ತು. ಆ ಕೆಲಸ ವಹಿಸಿಕೊಳ್ಳಿ ಎಂದು ಮಗಳಿಗೆ ಕಾಗದ ಬಂತು. ಗುಟ್ಟಪ್ಪ ಒಂದು ವಾರ ಅವಳೊಂದಿಗೆ ಮಾತು ಬಿಟ್ಟ. ಅವಳು ಎರಡು ದಿನದ ತರಬೇತಿಗೆ ಹೋಗಿ ಬಂದಳು. ಬೆಂಚಿನ ಮೇಲೆ ಮತ್ತೆ ಸಾಲಾಗಿ ಯಂತ್ರಗಳು ಕೂತವು.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತು ನೋಡಿ ಗುಟ್ಟಪ್ಪ ಬಾಗಿಲು ಮುಚ್ಚಿದ. ಹಳೆಯ ರೂಢಿ, ಕೈ ತಾನಾಗಿಯೇ ಚಿಲಕ ಹಾಕಿತು. ಜೇಬಿನಿಂದ ರಬ್ಬರಿನ ಚೂರು ತೆಗೆದು ಬೆಂಚಿನ ಮೇಲಿಟ್ಟ.

"ಕೂತ್ಕೋ ಮಗಳೇ. ನೀನು ಎಲ್ಲಿಗೂ ಹೋಗ್ಬೇಡ. ಇವತ್ತು ಒಂಬತ್ತನೇದು ಹೇಳ್ಕೊಡ್ತೀನಿ. ತಪ್ಪಾಯ್ತು, ಮುಂಚೇನೇ ಹೇಳ್ಕೊಡ್ಬೇಕಿತ್ತು."

ಮಗಳು ಕೂತಳು. ಅಪ್ಪ ಚಿಮಟ ಹಿಡಿದ ಬೆರಳುಗಳನ್ನೇ ನೋಡುತ್ತ, ಅವನು ಬಗ್ಗಿ ರಬ್ಬರನ್ನು ನಾಲಿಗೆಯ ಬುಡಕ್ಕೆ ತರುವವರೆಗೂ ಕಾದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಗೊತ್ತಪ್ಪಾ. ಕಂಪನಿಯವ್ರು ತರಬೇತೀಲಿ ಹೇಳ್ಕೊಟ್ರು. ಅವ್ರ ಪುಸ್ತಕದಲ್ಲಿ ಅದೇ ಮೊದಲನೇ ಹೆಜ್ಜೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.