ಮೂರು ಹೊಂಡಕ್ಕೊಂದೇ ಬೇಲಿ

ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವ ದಾರಿಯಲ್ಲಿ ಹಾಲಸಿದ್ದಪ್ಪನ ಮೆಣಸಿನಕಾಯಿ ಹೊಲ. ಸರ್ಕಾರದ ಯೋಜನೆಯಲ್ಲಿ ಆ ಹೊಲಕ್ಕೊಂದು ಕೃಷಿಹೊಂಡ ಬಂತು. ಪಕ್ಕದ ಚನ್ನಬಸವರಾಜನಿಗೂ ಅದರಾಚೆಯ ಹೊನ್ನೂರಪ್ಪನಿಗೂ ಒಂದೊಂದು ಬಂತು. ಹೊಂಡ ತೋಡಿ, ನೀರು ಇಂಗದಂತೆ ಕರಿ ಪ್ಲಾಸ್ಟಿಕ್ ಹಾಳೆ ಹಾಸಿದ್ದಾಯಿತು. ಉಳಿದದ್ದು ಬೇಲಿ. ಬೇಲಿಯ ಫೋಟೊ ಹೋಗದೆ ಸಹಾಯಧನದ ಕೊನೆಯ ಕಂತು ಬರುವುದಿಲ್ಲ.

"ಮೂರು ಬೇಲಿ ಯಾಕ ಬೇಕ್ರಲೇ?" ಎಂದವನು ಹಾಲಸಿದ್ದಪ್ಪನೇ. "ಕಂಬ ಮೂರೂ ಕಡಿ ನೆಡೋಣು. ನೆಟ್ ಒಂದೇ ತರೋಣು. ಫೋಟೊಕ್ಕೇನು ಗೊತ್ತಾಗತೈತಿ?"

ಬಳ್ಳಾರಿಯಿಂದ ಹಸಿರು ನೈಲಾನ್ ನೆಟ್ ಬಂತು. ಮೇಲಂಚಿಗೆ ಹಗ್ಗ ಪೋಣಿಸಿ ಕಂಬಕ್ಕೆ ಕಟ್ಟಿದರೆ ಬೇಲಿ, ಬಿಚ್ಚಿ ಸುತ್ತಿದರೆ ಒಂದು ಹೊರೆ. ಮೂರು ಹೊಂಡಕ್ಕೂ ಸರದಿಯ ಮೇಲೆ ಕಟ್ಟಿ ಫೋಟೊ ಕಳಿಸಿದರು. ಕೊನೆಗೆ ಅದು ಹಾಲಸಿದ್ದಪ್ಪನ ಹೊಂಡಕ್ಕೇ ವಾಪಸು ಬಂತು. ಅದಕ್ಕೆ ಕಾರಣ ಅವನ ಅಣ್ಣ ಪಕ್ಕೀರಪ್ಪ.

ಸಕ್ಕರೆ ಕಾಯಿಲೆ ಪಕ್ಕೀರಪ್ಪನ ಕಣ್ಣು ತಿಂದುಹಾಕಿತ್ತು. ಬಿಸಿಲು ಯಾವ ಕಡೆ, ನೆರಳು ಯಾವ ಕಡೆ ಅಷ್ಟೇ ತಿಳಿಯುತ್ತಿತ್ತು. ಆದರೂ ಒಂದು ದಿನವೂ ಹೊಲ ಬಿಟ್ಟವನಲ್ಲ. ಎಲೆ ಮುರುಟಿದ್ದನ್ನು ಬೆರಳಲ್ಲೇ ಹೇಳುತ್ತಿದ್ದ. ಹೊಂಡ ತೋಡಿದ್ದು ಅವನು ನಲವತ್ತು ವರ್ಷ ನಡೆದ ಬದುವಿನ ಮೇಲೆ. ಮೊದಮೊದಲು ತಡವರಿಸಿದ. ನೆಟ್ ಬಂದ ಮೇಲೆ ಅದರ ಹಗ್ಗದ ಮೇಲೆ ಕೈಯಿಟ್ಟು ಹೊಂಡ ಬಳಸಿ ಆಚೆಯ ಸಾಲುಗಳಿಗೆ ಹೋಗುವುದು ಕಲಿತ.

ಫೋಟೊಕ್ಕೆಂದು ನೆಟ್ ಹೊನ್ನೂರಪ್ಪನ ಹೊಲಕ್ಕೆ ಹೋಗಿದ್ದಾಗ ಹಾಲಸಿದ್ದಪ್ಪನ ಹೊಂಡಕ್ಕೆ ನಾಯಿಯೊಂದು ಬಿತ್ತು. ಬೆಳಿಗ್ಗೆ ನೋಡಿದರೆ ನಾಲ್ಕೂ ಬದಿಯ ಪ್ಲಾಸ್ಟಿಕ್ ಮೇಲೆ ಉಗುರಿನ ಗೀರು. ಸುತ್ತು ಹಾಕಿ ಹಾಕಿ ಸೋತು ಸತ್ತಿತ್ತು. ಹಾಲಸಿದ್ದಪ್ಪನ ಹೆಂಡತಿ ವೀರಭದ್ರಮ್ಮ ಆ ಗೀರುಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಭಾದ್ರಪದದ ಮಳೆಗೆ ಹೊಂಡಗಳು ತುಂಬಿದವು. ಆಗ ಫೋನ್ ಬಂತು: ಮಂಗಳವಾರ ಬಳ್ಳಾರಿಯಿಂದ ಸತ್ಯಾತ್ಮ ಎಂಬ ಅಧಿಕಾರಿ ಮೂರೂ ಹೊಂಡ ಖುದ್ದಾಗಿ ನೋಡುತ್ತಾರೆ, ಒಂದೇ ದಿನ.

"ಮುಗೀತು ನಮ್ಮ ಕಥಿ," ಎಂದ ಹೊನ್ನೂರಪ್ಪ.

"ಏನೂ ಮುಗದಿಲ್ಲ. ಮೊದಲು ನಂದು ತೋರಸ್ತೀನಿ. ಆಮ್ಯಾಲೆ ಸಾಹೇಬ್ರನ್ನ ಮನಿಗೆ ಕರ್ಕಂಡು ಹೋಗಿ ಒಗ್ಗರಣಿ ಮಂಡಕ್ಕಿ ತಿನ್ನಸ್ತೀನಿ. ಅಷ್ಟರಾಗ ನೀವು ಬಿಚ್ಚಿ ಚನ್ನಬಸವನ ಹೊಂಡಕ್ಕ ಕಟ್ರಿ."

"ಮಾವ, ಸಾಹೇಬ್ರು ಎಷ್ಟು ಮಂಡಕ್ಕಿ ತಿಂತಾರಂತ?" ಎಂದ ಚನ್ನಬಸವರಾಜ. "ಎರಡು ಹೊಂಡಕ್ಕ ಎರಡು ಸೇರು ಬೇಕಾಗತೈತಿ."

ಎಲ್ಲರೂ ನಕ್ಕರು. ಒಳಗಿದ್ದ ವೀರಭದ್ರಮ್ಮ ನಗಲಿಲ್ಲ. ಅವರು ಹೋದ ಮೇಲೆ ಗಂಡನ ಮುಂದೆ ಬಂದು ನಿಂತಳು.

"ಭಾವಾರಿಗೆ ಹೇಳ್ರಿ, ಮಂಗಳವಾರ ಬೇಲಿ ಇರಂಗಿಲ್ಲ ಅಂತ."

"ಅವಂಗ ಹೇಳಿದ್ರ ಸಾಹೇಬ್ರಿಗೇ ಹೇಳಿದಂಗ. ಹುಟ್ಟಿದಾಗಿಂದ ಒಂದು ಸುಳ್ಳು ಹೇಳಿದ ಮನಷ್ಯಾ ಅಲ್ಲ. 'ನೆಟ್ ಒಂದೇ ಐತ್ರಿ ಸಾಹೇಬ್ರ' ಅಂತ ತಾನೇ ಮುಂದ ಬಿದ್ದು ಹೇಳ್ತಾನ."

"ಹೇಳಿದ್ರ ಹೇಳಲಿ."

"ಮೂರು ಮನಿ ರೊಕ್ಕ ಹೋಗತೈತಿ ವೀರಿ. ಅವನ್ನ ಮನ್ಯಾಗ ಕೂಡ್ಸು, ಸಾಕು."

ಸಾಹೇಬರು ಹೊಲ ನೋಡಿ ಮುಗಿಸುವವರೆಗೆ ಬರಬೇಡವೆಂದು ಹೇಳಿದ್ದಕ್ಕೆ ಮಂಗಳವಾರ ಪಕ್ಕೀರಪ್ಪ ಮನೆಯಲ್ಲೇ ಕೂತ. ಸತ್ಯಾತ್ಮ ಹತ್ತು ಗಂಟೆಗೆ ಬಂದರು. ಮೆಲುದನಿಯ ಮನುಷ್ಯ. ಹೊಂಡದ ಸುತ್ತ ನಡೆದರು, ನೆಟ್ ಎಳೆದು ನೋಡಿದರು, ಫೋಟೊ ತೆಗೆದರು. "ಚೆನ್ನಾಗಿ ಕಟ್ಟಿದೀರಿ. ಪಕ್ಕದ ತಾಲ್ಲೂಕಿನಲ್ಲಿ ಒಬ್ಬರು ಹೊಂಡಕ್ಕೆ ಬಿದ್ದು ತೀರಿಹೋದರು. ಬೇಲಿ ಇರಲಿಲ್ಲ," ಎಂದರು.

ಹಾಲಸಿದ್ದಪ್ಪ ನೆಲ ನೋಡಿದ. "ಬರ್ರಿ ಸಾಹೇಬ್ರ, ಮನಿ ಇಲ್ಲೇ ಐತಿ. ಚಾ ಕುಡದು ಹೋಗಾಕ ಏನಾಗತೈತಿ?"

ಮನೆ ಮುಂದೆ ಜೀಪು ನಿಂತ ಸದ್ದು ಪಕ್ಕೀರಪ್ಪನಿಗೂ ಕೇಳಿಸಿತು. ಸಾಹೇಬರು ಮನೆಗೆ ಬಂದರೆಂದರೆ ಹೊಲದ ಕೆಲಸ ಮುಗಿಯಿತೆಂದೇ ಅವನ ಲೆಕ್ಕ.

ವೀರಭದ್ರಮ್ಮ ಮಂಡಕ್ಕಿ, ಮಿರ್ಚಿ ಬಜ್ಜಿಯ ತಟ್ಟೆ ತಂದಿಟ್ಟಳು. ಮತ್ತೆ ಒಳಗೆ ಹೋದವಳು ತಕ್ಷಣ ಹೊರಬಂದು ಗಂಡನ ಕಿವಿಯ ಹತ್ತಿರ ಬಗ್ಗಿದಳು.

"ಭಾವಾರು ಇಲ್ಲ. ಹಿತ್ತಲ ಬಾಗಲಾ ತಗದೈತಿ."

ಹಾಲಸಿದ್ದಪ್ಪನ ಕೈಯಲ್ಲಿ ಚಹಾದ ಲೋಟವಿತ್ತು. ಓಡಿದರೆ ಸಾಹೇಬರೂ ಹಿಂದೆ ಬರುತ್ತಾರೆ, ಬಿಚ್ಚಿದ ಬೇಲಿ ನೋಡುತ್ತಾರೆ. ಅಣ್ಣನ ನಡಿಗೆ ನಿಧಾನ. ಹೊಲದಲ್ಲಿ ಇಬ್ಬರಿದ್ದಾರೆ, ಅವರೇ ನೋಡಿಕೊಂಡಾರು. ಇನ್ನೂ ಹೊತ್ತಿದೆ.

"ಸಾಹೇಬ್ರಿಗೆ ಇನ್ನೊಂದೆರಡು ಮಿರ್ಚಿ ಹಾಕು," ಎಂದ.

ವೀರಭದ್ರಮ್ಮ ಅವನ ಮುಖವನ್ನೇ ನೋಡಿದಳು. ಮಿರ್ಚಿ ತರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳ ದಾಟಿ ಓಡಿದಳು.

"ಏನಾಯ್ತ್ರೀ?" ಎಂದು ಸತ್ಯಾತ್ಮ ಎದ್ದರು. ಆಗ ಹಾಲಸಿದ್ದಪ್ಪನೂ ಓಡಿದ.

ಹೊಲದಲ್ಲಿ ಟ್ರ್ಯಾಕ್ಟರ್ ಗುಡುಗುತ್ತಿತ್ತು. ಎಲ್ಲಾ ಕಂಬದ ಕಟ್ಟು ಬಿಚ್ಚಿಯಾಗಿತ್ತು, ಈಚೆ ದಡದ ಹಗ್ಗ ಮಾತ್ರ ಇನ್ನೂ ಕಂಬದ ತಲೆಗಳ ಮೇಲೆ ಜೋತಿತ್ತು. ಸುತ್ತುತ್ತ ಕೂತರೆ ತಡವಾಗುತ್ತದೆಂದು ನೆಟ್ಟಿನ ತುದಿಯನ್ನು ಟ್ರ್ಯಾಕ್ಟರಿಗೆ ಬಿಗಿದು ಎಳೆಯುತ್ತಿದ್ದರು. ಟ್ರ್ಯಾಕ್ಟರ್ ಓಡಿಸುತ್ತಿದ್ದ ಚನ್ನಬಸವರಾಜನ ಕಣ್ಣು ಮುಂದಿನ ದಾರಿಯ ಮೇಲೆ. ಹೊನ್ನೂರಪ್ಪ ಆಚೆ ದಡದಲ್ಲಿ ಬಗ್ಗಿ, ಬಂದಷ್ಟು ನೆಟ್ ಒಟ್ಟುತ್ತಿದ್ದ.

ಹೊಂಡದ ಈಚೆ ದಡದಲ್ಲಿ ಪಕ್ಕೀರಪ್ಪ ಇದ್ದ. ಅವನ ಎಡಗೈ ಹಗ್ಗದ ಮೇಲಿತ್ತು.

ಹಗ್ಗ ಸರಿಯಿತು. ಅವನೂ ಅದರೊಂದಿಗೆ ಸರಿದ. ಗಾಳಿಗೆ ಅಲುಗಿತೆಂದುಕೊಂಡನೋ ಏನೋ, ಇನ್ನಷ್ಟು ಬಿಗಿಯಾಗಿ ಹಿಡಿದ. ಹಗ್ಗ ಕಂಬಗಳನ್ನು ಬಿಟ್ಟು ನೀರಿನ ಮೇಲೆ ಅಡ್ಡಲಾಗಿ ಹೊರಟಿತ್ತು. ಅವನು ಕೈ ಹಿಡಿದು ಕರೆದೊಯ್ದವರ ಹಿಂದೆ ಹೋಗುವಂತೆ ಹೋದ.

"ಅಣ್ಣಾ, ಹಗ್ಗ ಬಿಡೋ! ಬಿಡೋ ಅಣ್ಣಾ!"

ಟ್ರ್ಯಾಕ್ಟರ್ ಸದ್ದು ಓಡಿ ಬರುತ್ತಿದ್ದ ಹಾಲಸಿದ್ದಪ್ಪನ ಕೂಗನ್ನು ನುಂಗಿತು.

ಪಕ್ಕೀರಪ್ಪನ ಕಾಲು ಪ್ಲಾಸ್ಟಿಕ್ ಮೇಲೆ ಬಿತ್ತು. ಜಾರುವಾಗಲೂ ಅವನು ಕೂಗಲಿಲ್ಲ. ಹಗ್ಗ ಅವನ ಕೈಯಿಂದ ಕಳಚಿಕೊಂಡು ಆಚೆ ದಡಕ್ಕೆ ಹೋಯಿತು.

ವೀರಭದ್ರಮ್ಮ ಟ್ರ್ಯಾಕ್ಟರಿನ ಮುಂದೆ ಹೋಗಿ ನಿಂತಾಗಲೇ ಅದು ನಿಂತದ್ದು. ಗಂಡಸರು ಮೂವರೂ ನೆಟ್ ಎಳೆದು ತಂದು, ಅವನು ಮುಳುಗಿದ ಕಡೆ ಇಳಿಬಿಟ್ಟರು. ಹಾಲಸಿದ್ದಪ್ಪ ದಡದ ಮೇಲೆ ಅಂಗಾತ ಮಲಗಿ, ಕಾಲನ್ನು ಕಂಬಕ್ಕೆ ಒತ್ತಿ, ಹಗ್ಗವನ್ನು ಎರಡೂ ಮುಂಗೈಗೆ ಸುತ್ತಿಕೊಂಡ.

"ಹಿಡ್ಕೋ ಅಣ್ಣಾ. ನಾನಿಲ್ಲೇ ಅದೀನಿ. ಹಿಡ್ಕೋ."

ಹಗ್ಗ ಒಮ್ಮೆ ಬಿಗಿಯಾಯಿತು.

"ಹಿಡದಾನ! ಎಳೀರಲೇ!" ಎಂದ ಹೊನ್ನೂರಪ್ಪ.

ಅಷ್ಟರಲ್ಲಿ ಬಂದು ಸೇರಿದ್ದ ಸತ್ಯಾತ್ಮರೂ ಕೈ ಹಾಕಿದರು. ಎಲ್ಲರೂ ಒಂದೇ ಉಸಿರಿಗೆ ಎಳೆದರು.

ಖಾಲಿ ನೆಟ್ ಹಗುರಾಗಿ ಮೇಲೆ ಬಂತು.