ವಾಸಪ್ಪ ಮಾತಾಡುತ್ತಲೇ ಇದ್ದ

ಹೊಸನಗರದ ಕಡೆಯ ಒಂದು ಹಳ್ಳಿ. ಗಾಳಿಗೆ ಅಕೇಶಿಯಾ ಮರವೊಂದು ಉರುಳಿ ಶಾಲೆಯ ಕಾಂಪೌಂಡಿನ ಮೇಲೆ ಬಿದ್ದಿತ್ತು. ಮಕ್ಕಳು ಅದರ ಕೊಂಬೆ ಹತ್ತಿ ಆಡುತ್ತಿದ್ದರು. ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡಾರು ಎಂದು ವಾಸಪ್ಪ ತನ್ನ ಮರ ಕೊಯ್ಯುವ ಮಿಷನ್ ತಂದ. ಅಣ್ಣ ಕೆರಿಯಪ್ಪ, ಪಕ್ಕದ ಮನೆಯ ಪೂರ್ಣೇಶ್ ಜೊತೆಗಿದ್ದರು.

ಕೊಂಬೆ ಕತ್ತರಿಸುವಾಗ ಮಿಷನ್ ಪುಟಿದು ವಾಸಪ್ಪನ ತೊಡೆಗೆ ಬಡಿಯಿತು. ಪ್ಯಾಂಟು ಹರಿದು ರಕ್ತ ಇಳಿಯತೊಡಗಿತು. ಕೆರಿಯಪ್ಪ ಹೆಗಲ ಮೇಲಿದ್ದ ಟವೆಲನ್ನು ಗಾಯಕ್ಕೆ ಸುತ್ತಿ ಗಂಟು ಹಾಕಿದ. ವಾಸಪ್ಪ ಕುಂಟುತ್ತ ಮನೆಗೆ ಬಂದು ಗೋಡೆಗೆ ಒರಗಿ ಕುಳಿತ.

ಈಗಲೇ ಸಾಗರದ ಆಸ್ಪತ್ರೆಗೆ ಹೊರಡೋಣ, ನನ್ನ ಪಿಕಪ್ ಇದೆ ಎಂದು ಪೂರ್ಣೇಶ್ ಅವಸರ ಮಾಡಿದ. ಕೆರಿಯಪ್ಪ ಒಪ್ಪಲಿಲ್ಲ.

"ಮಾತಾಡ್ತಾ ಇದಾನಲ್ಲ ಮಾರಾಯ. ಒಂಚೂರು ಚಾ ಕುಡ್ದು, ಬಟ್ಟೆ ಬದಲಾಯಿಸ್ಕೊಂಡು ಹೊರಟ್ರಾಯ್ತು."

ವಾಸಪ್ಪನೂ ಹೌದೆಂದ. ಮಿಷನ್ ಒರೆಸಿಡಲು ಹೇಳಿದ. ಬಾಯಿ ಒಣಗುತ್ತದೆ ಎಂದು ಮತ್ತೆ ಮತ್ತೆ ನೀರು ಕೇಳಿದ. ಹೆಂಡತಿ ಹೂವಮ್ಮ ಅವನ ಕೈ ಹಿಡಿದು ನೋಡಿದರೆ ತಣ್ಣಗಿತ್ತು, ಹಣೆಯಲ್ಲಿ ಬೆವರು. ಅದನ್ನು ಬಾವನಿಗೆ ಹೇಳಿದಳು. ಹೆದರಿಕೆಗೆ ಹಾಗಾಗುತ್ತದೆ ಎಂದು ಕೆರಿಯಪ್ಪ ಸಮಾಧಾನ ಮಾಡಿದ. ಟವೆಲು ನೆಂದು ರಕ್ತ ಚಾಪೆಗೆ ಇಳಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ವಾಸಪ್ಪ ಕೂತಲ್ಲಿ ಕೂರಲಾರದೆ ಚಡಪಡಿಸಿದ. ಆಗ ಎಲ್ಲರೂ ಗಾಬರಿಯಾಗಿ ಅವನನ್ನು ಎತ್ತಿ ಪಿಕಪ್ಪಿಗೆ ಹಾಕಿದರು. ದಾರಿಯಲ್ಲಿ ಬಟ್ಟೆಮಲ್ಲಪ್ಪ ಎಂಬ ಊರು ದಾಟುವಾಗ ಅವನ ಮಾತು ತೊದಲಿ ನಿಂತಿತು. ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಎಲ್ಲವನ್ನೂ ಮಾಡಿದರು. ಅವನು ಉಳಿಯಲಿಲ್ಲ.

ಡಾಕ್ಟರ್ ಭವ್ಯಾ ಹೊರಗೆ ಬಂದಾಗ ಕೆರಿಯಪ್ಪ ಬೆಂಚಿನಿಂದ ಏಳಲಿಲ್ಲ.

"ನನ್ ಹತ್ರ ಮಾತಾಡ್ತಾನೇ ಇದ್ದ ಮೇಡಂ. ಹಂಗಾದ್ರೆ ಯಾವಾಗ..."

ಡಾಕ್ಟರು ಪಕ್ಕದಲ್ಲಿ ಕುಳಿತರು.

"ರಕ್ತ ಜಾಸ್ತಿ ಹೋದಾಗ ದೇಹ ಸುಮ್ನೆ ಇರೋದಿಲ್ಲ ಕೆರಿಯಪ್ಪನವ್ರೇ. ಕೈಕಾಲಿಗೆ, ಹೊಟ್ಟೆಗೆ ಹೋಗೋ ರಕ್ತ ಕಡಿಮೆ ಮಾಡಿ, ಇದ್ದಷ್ಟನ್ನ ತಲೆಗೂ ಹೃದಯಕ್ಕೂ ಕಳಿಸ್ತದೆ. ಅದಕ್ಕೇ ಮಾತು ಸರಿ ಇರ್ತದೆ, ಕೈ ತಣ್ಣಗಾಗ್ತದೆ."

ಉಳಿದ ರಕ್ತವನ್ನೇ ಸುತ್ತಿಸಲು ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ ಎಂದು ಅವರು ವಿವರಿಸಿದರು. ದೇಹ ತನ್ನೊಳಗಿನ ನೀರನ್ನು ರಕ್ತನಾಳಕ್ಕೆ ಎಳೆದುಕೊಳ್ಳುತ್ತದೆ, ಮೂತ್ರ ಕಡಿಮೆಯಾಗುತ್ತದೆ, ದಾಹವಾಗುತ್ತದೆ. ಬಿ.ಪಿ. ಕೂಡ ಮೊದಮೊದಲು ಸರಿಯಾಗಿಯೇ ಕಾಣಬಹುದು. ಆದರೆ ಇದೆಲ್ಲ ಸ್ವಲ್ಪ ಹೊತ್ತು ಮಾತ್ರ. ರಕ್ತ ನಿಲ್ಲದಿದ್ದರೆ ದೇಹ ಒಮ್ಮೆಲೇ ಸೋಲುತ್ತದೆ.

ಬಾಗಿಲ ಹತ್ತಿರ ನಿಂತಿದ್ದ ಹೂವಮ್ಮ ಮೆಲ್ಲಗೆ ಹೇಳಿದಳು: "ಕೈ ತಣ್ಣಗಿತ್ತು. ನಾ ಹೇಳಿದ್ದೆ ಬಾವ."



ಕಾರ್ಯಗಳೆಲ್ಲ ಮುಗಿದ ಮೇಲೆ ಹೂವಮ್ಮ ತನ್ನ ಸ್ತ್ರೀಶಕ್ತಿ ಸಂಘಕ್ಕೆ ಡಾಕ್ಟರನ್ನು ಕರೆಸಿದಳು. ಊರಲ್ಲಿ ಇನ್ನೊಬ್ಬರಿಗೆ ಹೀಗಾಗಬಾರದು ಎಂದಷ್ಟೇ ಹೇಳಿದಳು. ಕೆರಿಯಪ್ಪನೂ ಬಂದು ಹಿಂದೆ ಕುಳಿತ. ಬರೀ ಬಟ್ಟೆ ಸುತ್ತಿದರೆ ಸಾಲದು, ಒತ್ತಿ ಹಿಡಿಯಬೇಕು ಎಂದ ಡಾಕ್ಟರು ಪೂರ್ಣೇಶನನ್ನು ಚಾಪೆಯ ಮೇಲೆ ಮಲಗಿಸಿ, ಯಾರಾದರೂ ಬಂದು ಮಾಡಿ ನೋಡಿ ಎಂದರು. ಕೆರಿಯಪ್ಪ ಎದ್ದು ಬಂದ. ಮಡಚಿದ ಬಟ್ಟೆಯನ್ನು ಪೂರ್ಣೇಶನ ತೊಡೆಯ ಮೇಲಿಟ್ಟು ಒತ್ತಿದ.

"ಇನ್ನೂ ಜೋರಾಗಿ," ಎಂದರು ಡಾಕ್ಟರು.

ಮಂಡಿಯೂರಿ, ಎರಡೂ ಕೈಯಿಂದ ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಪೂರ್ಣೇಶನಿಗೆ ನೋವಾಯಿತು. ಸಾಕು, ಬಿಡಿ ಎಂದು ಡಾಕ್ಟರು ಹೇಳಿದರೂ ಕೆರಿಯಪ್ಪ ಕೈ ತೆಗೆಯಲಿಲ್ಲ. ಕೊನೆಗೆ ಹೂವಮ್ಮನೇ ಹತ್ತಿರ ಬಂದು ಹೇಳಿದಳು: "ಬಿಡಿ ಬಾವ. ಪೂರ್ಣೇಶನಿಗೆ ಏನೂ ಆಗಿಲ್ಲ."

ಓದುವವರೇ, ಕೇಳುವವರೇ, ಗಾಯಗೊಂಡವರು ಮಾತಾಡುತ್ತಿದ್ದಾರೆ ಎಂದು ಕಾಯಬೇಡಿ. ಮಲಗಿಸಿ. ದಪ್ಪ ಬಟ್ಟೆಯಿಟ್ಟು ಗಾಯವನ್ನು ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆಂದರೆ ತೆಗೆಯದೆ ಮೇಲೊಂದು ಇಟ್ಟು ಒತ್ತುತ್ತಲೇ ಇರಿ. ಚಾ, ನೀರು ಕೊಡಬೇಡಿ, ಕಂಬಳಿ ಹೊದಿಸಿ. ತಕ್ಷಣ 108ಕ್ಕೆ ಫೋನ್ ಮಾಡಿ. ಹೆರಿಗೆಯಾದ ತಾಯಿಗೆ ರಕ್ತಸ್ರಾವ ಹೆಚ್ಚಾದರೂ ಒಂದು ಗಳಿಗೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆರೋಗ್ಯವಾಗಿರುವವರು ರಕ್ತದಾನ ಮಾಡಿ. ನಿಮ್ಮ ಮನೆಯವರ ಕೈ ತಣ್ಣಗಾಗುವವರೆಗೆ ಕಾದು ನೋಡಬೇಡಿ.