ಹೊರಚಾಚಿದ ಚಕ್ರ

ನಾನು ಒಂದು ಅಲಾಯ್ ರಿಮ್. ಕರಗಿದ ಅಲ್ಯುಮಿನಿಯಂ ಅಚ್ಚಿನೊಳಗೆ ತಣಿದು ನಾನಾದೆ. ಬೆನ್ನ ಮೇಲೆ ಇಪ್ಪತ್ತು ಎಂಬ ಅಂಕಿ ಮೂಡಿತು. ಅದು ನನ್ನ ಆಫ್‌ಸೆಟ್. ನನ್ನ ಅಗಲದ ನಡುಗೆರೆಯಿಂದ, ಗಾಡಿಗೆ ಕೂರುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಎಂಬ ಅಳತೆ. ಈ ಅಳತೆ ಕಿರಿದಾದಷ್ಟೂ ಚಕ್ರ ಹೊರಕ್ಕೆ ಚಾಚುತ್ತದೆ.

ಮೊದಲು ನಾನಿದ್ದದ್ದು ಅಗಲವಾದ ಕಾರಿನಲ್ಲಿ, ಅಲ್ಲಿ ತೊಂದರೆಯಿರಲಿಲ್ಲ. ಅದು ಗುಜರಿ ಸೇರಿದಾಗ, ನನ್ನನ್ನೂ ನನ್ನ ಮೂವರು ಸೋದರರನ್ನೂ ಹುಬ್ಬಳ್ಳಿಯ ಶಿವಪುತ್ರ ಕೊಂಡ. ಅವನ ಸಣ್ಣ ಕಾರು ಕೇಳುತ್ತಿದ್ದುದು ನಲವತ್ತೈದು. ನನ್ನ ಬೆನ್ನನ್ನು ಅವನು ನೋಡಲೇ ಇಲ್ಲ.

“ಬೋಲ್ಟ್ ಕುಂತ್ವು. ಇನ್ನೇನ್ ಬೇಕು? ಗಾಡಿ ಎದಿ ಉಬ್ಬಿಸ್ಕೊಂಡ್ ನಿಂತೈತಿ ನೋಡು!” ಎಂದ.

ಒಬ್ಬನೇ ಉಣಕಲ್ ಕೆರೆ ಸುತ್ತಿ ಬಂದ. ಖಾಲಿ ಗಾಡಿ, ಸದ್ದೇ ಇಲ್ಲ.

ಮುಂದಿನ ವಾರ ಗದಗಿನಲ್ಲಿ ಅವನ ತಂಗಿ ಅನ್ನಪೂರ್ಣಳ ಕುಬಸ. ಚೊಚ್ಚಲ ಬಸುರಿಗೆ ಸೀರೆ ಉಡಿಸಿ, ಉಡಿ ತುಂಬಿ, ತವರಿಗೆ ಕರೆತರುವ ಕಾರ್ಯ. ಮರಳುವಾಗ ಹಿಂದಿನ ಸೀಟಿನಲ್ಲಿ ಅನ್ನಪೂರ್ಣ, ಸೋದರತ್ತೆ ನೀಲವ್ವ, ಇನ್ನಿಬ್ಬರು ಹೆಂಗಸರು. ಡಿಕ್ಕಿಯಲ್ಲಿ ಬೀಗರು ಕೊಟ್ಟ ಬುತ್ತಿಯ ಬುಟ್ಟಿಗಳು. ಗಾಡಿಯ ಹಿಂಭಾಗ ಕುಸಿಯಿತು. ಮಡ್‌ಗಾರ್ಡಿನ ಅಂಚು ಇಳಿದಿಳಿದು, ಹಿಂದಿನ ಚಕ್ರದಲ್ಲಿದ್ದ ನಾನು ಹೊತ್ತ ಟೈರಿಗೆ ತಾಗಿತು.

ಒಂದೊಂದು ಉಬ್ಬಿಗೂ ಒಂದೊಂದು ಸೀಳು. ನನಗೆ ಕೂಗಲು ಬಾಯಿಲ್ಲ. ಒಳಗೆ ಜೋರು ಹಾಡು. ಯಾರಿಗೂ ಏನೂ ಕೇಳಿಸಲಿಲ್ಲ.

“ಅಣ್ಣಾ, ರಬ್ಬರ್ ಸುಟ್ಟ ವಾಸ್ನಿ.”

“ಮುಂದಿನ ಲಾರಿದು, ಬಿಡವಾ.”

“ಬಸರಿ ಮೂಗಿಗೆ ಒಗ್ಗರಣಿನೂ ಸುಟ್ಟ ವಾಸ್ನಿನ!” ಎಂದು ನೀಲವ್ವ ನಕ್ಕಳು.

ಲಾರಿಯನ್ನು ಹಿಂದಿಕ್ಕಲು ಶಿವಪುತ್ರ ವೇಗ ಹೆಚ್ಚಿಸಿದ. ನನ್ನ ಟೈರಿನಲ್ಲಿ ಒಳನೂಲು ಕಾಣತೊಡಗಿತ್ತು.

“ಗಾಡಿ ನಿಂದ್ರಸ್ತೀಯೋ, ನಾನ ಬಾಗ್ಲಾ ತಗೀಲೋ?”

ತಂಗಿಯ ಆ ದನಿಗೆ ಅವನು ಬ್ರೇಕ್ ಒತ್ತಿದ. ಇಳಿದು, ಬಗ್ಗಿ, ಟೈರಿನ ಮೇಲೆ ಬೆರಳಾಡಿಸಿದ. ಬೆರಳು ಸೀಳಿನೊಳಗೆ ಇಳಿಯಿತು. ತಂಗಿಯ ಹೊಟ್ಟೆಯತ್ತ ನೋಡಿದವನು ರಸ್ತೆಯಂಚಿನಲ್ಲೇ ಕುಳಿತುಬಿಟ್ಟ.

“ಕುಂತೇನ್ ಮಾಡ್ತಿ? ಸ್ಟೆಪ್ನಿ ತಗಿ,” ಎಂದಳು ಅನ್ನಪೂರ್ಣ.

ಸ್ಟೆಪ್ನಿ ಕಾರಿನದೇ ಹಳೆಯ ಕಬ್ಬಿಣದ ರಿಮ್ಮು. ಅದು ಒಳಸರಿದು ಕುಳಿತಿತು. ಆಚೆ ಬದಿಯ ನನ್ನ ಸೋದರನ ಟೈರಿಗೆ ಬರೀ ಗೀರು ಬಿದ್ದಿತ್ತು. ಉಳಿದ ಹೆಂಗಸರು ಬುಟ್ಟಿಗಳೊಡನೆ ಬಸ್ಸು ಹತ್ತಿದರು. ಹಗುರಾದ ಗಾಡಿ ನಿಧಾನವಾಗಿ ತವರು ಮುಟ್ಟಿತು. ಮರುದಿನವೇ ಶಿವಪುತ್ರ ಹಳೆಯ ರಿಮ್ಮುಗಳನ್ನೆಲ್ಲ ಮರಳಿ ಹಾಕಿಸಿದ.

ಈಗ ನಾನು ಅವನ ಅಂಗಳದ ಗೋಡೆಯ ಗೂಟಕ್ಕೆ ತೂಗುಬಿದ್ದಿದ್ದೇನೆ. ನೀರಿನ ಪೈಪು ನನ್ನನ್ನು ಸುತ್ತಿಕೊಂಡಿದೆ. ನಾನು ಕೆಟ್ಟ ರಿಮ್ಮೇನಲ್ಲ. ಆ ಗಾಡಿಯ ಅಳತೆಯವನಲ್ಲ, ಅಷ್ಟೇ.

ನಿನ್ನೆ ಅನ್ನಪೂರ್ಣ ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಳು. ಗಾಡಿ ಮತ್ತೆ ತುಂಬಿ ತುಳುಕುತ್ತಿತ್ತು. ಗೇಟಿನ ಉಬ್ಬು ದಾಟುವಾಗ ಶಿವಪುತ್ರ ಹಾಡು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿದ. ನಾನೂ ಕಿವಿಗೊಟ್ಟೆ.

ಕೂಸಿನ ಅಳುವೊಂದೇ ಕೇಳಿಸಿತು.